ಜಗಲಿಯಿಂದ ಕಂಡ ಊರು

ನಮ್ಮ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿ ಮುಗಿಸಿದಾಗ ಮುಳುಗಿಹೋದ ಹಳ್ಳಿಗಳಲ್ಲಿ ಅದೂ ಒಂದು. ಆ ಅಣೆಕಟ್ಟು ತನಗಿಂತ ಹಿಂದಿನ ಅಣೆಕಟ್ಟೊಂದನ್ನೇ, 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರವನ್ನೇ, ಮುಳುಗಿಸಿದ ಮೇಲೆ ಸಾಗರ ತಾಲ್ಲೂಕಿನ ಮೂಲೆಯ ನಮ್ಮ ಊರನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ನೀರು ತೀರ ಇಳಿದ ಬೇಸಿಗೆಗಳಲ್ಲಿ ಹಿರೇಭಾಸ್ಕರದ ಗೋಡೆ ತಲೆಯೆತ್ತುತ್ತದೆ. ಅದನ್ನು ನೋಡಲು ಜನ ಹೋಗುತ್ತಾರೆ. ನಮ್ಮ ಊರು ಮಾತ್ರ ಯಾವ ಬೇಸಿಗೆಯಲ್ಲೂ ಮೇಲೆ ಬಂದದ್ದಿಲ್ಲ.

ಹೀಗೆ ನೆಲವನ್ನು ಕಳೆದುಕೊಂಡ ಊರಿಗೆ ಒಂದು ವಿಳಾಸವನ್ನಾದರೂ ಮಾಡಿಕೊಡಬೇಕೆಂಬ ಹುಚ್ಚು 2000ನೇ ಇಸವಿಯಲ್ಲಿ ನನಗೆ ಹಿಡಿಯಿತು. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಆ ವರ್ಷ ರಜೆಗೆ ಬಂದವನು ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರನ್ನು ಕೂಡಿಸಿ, ಫೋನಿನ ತಂತಿಗೆ ಮೋಡೆಮ್ ಸಿಕ್ಕಿಸಿ, 'ಮಾವ, ಇನ್ನು ಕಾಗದ ಬರೆಯದಿರಲು ನಿನಗೆ ನೆಪವಿಲ್ಲ' ಎಂದು ಹೇಳಿ ಹೊರಟುಹೋದ. ಹೋಗುವ ಮೊದಲು ವೆಬ್‌ಸೈಟ್ ಕಟ್ಟುವ ತಂತ್ರಾಂಶವೊಂದನ್ನೂ ಅದರಲ್ಲಿ ಹಾಕಿಟ್ಟಿದ್ದ. ನಾನಾಗ ಕಾಲೇಜಿನಲ್ಲಿ ಇತಿಹಾಸದ ಮೇಷ್ಟರು. ವಯಸ್ಸು ಐವತ್ತೆರಡು, ಟೈಪು ಮಾಡುವುದು ಒಂದೇ ಬೆರಳಿನಲ್ಲಿ. ಆ ಬೆರಳಿನಿಂದ ನಾನು ಮುಳುಗಿದ ಊರನ್ನು ಎತ್ತಲು ಹೊರಟೆ.

ಆ ಬಗೆಯ ತಂತ್ರಾಂಶಗಳ ಬಗ್ಗೆ ಎರಡು ಮಾತು ಹೇಳಬೇಕು. ಯಾಕೆಂದರೆ ನನ್ನ ಕಥೆಯ ನೀತಿಯೆಲ್ಲ ಅವುಗಳ ಒಂದು ಆಶ್ವಾಸನೆಯಲ್ಲೇ ಇದೆ. ವೆಬ್ ಪುಟವೆಂದರೆ ಮೂಲತಃ ಸಾದಾ ಅಕ್ಷರಗಳ ಒಂದು ಕಡತ. ಇದು ಶೀರ್ಷಿಕೆ, ಇದು ಪ್ಯಾರಾ, ಇಲ್ಲಿ ಚಿತ್ರ ಬರಲಿ, ಇಲ್ಲಿ ಒತ್ತಿದರೆ ಆ ಪುಟ ತೆರೆಯಲಿ ಎಂಬ ಸೂಚನೆಗಳನ್ನು ಕೋನಾಕಾರದ ಆವರಣ ಚಿಹ್ನೆಗಳ ನಡುವೆ ಬರೆದಿಟ್ಟಿರುತ್ತಾರೆ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರನ್ನು ಬರೆದಾಗ ಅದರಲ್ಲಿ ಪುಟವನ್ನು ಓದುವುದರ ಜೊತೆಗೆ ತಿದ್ದುವುದಕ್ಕೂ ಅವಕಾಶವಿತ್ತಂತೆ. ಆಮೇಲೆ ಜನಪ್ರಿಯವಾದ ಬ್ರೌಸರುಗಳಲ್ಲಿ ಓದುವುದಷ್ಟೇ ಉಳಿಯಿತು. ಬರೆಯಬೇಕೆನ್ನುವವರು ಆ ಚಿಹ್ನೆಗಳನ್ನು ಕಲಿಯಬೇಕಾಯಿತು. ಈ ತೊಡಕನ್ನು ಬಿಡಿಸಲು ಬಂದವುಗಳೇ ಫ್ರಂಟ್‌ಪೇಜ್, ನೆಟ್‌ಸ್ಕೇಪಿನ ಕಂಪೋಸರ್, ಡ್ರೀಮ್‌ವೀವರ್ ಮೊದಲಾದವು. 1996ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಫ್ರಂಟ್‌ಪೇಜು 2003ರ ಆವೃತ್ತಿಯೊಂದಿಗೆ ನಿಂತುಹೋಯಿತು. ಆದರೆ ಆ ಕಾಲದಲ್ಲಿ ನನ್ನಂಥವರಿಗೆ ಈ ತಂತ್ರಾಂಶಗಳು ದೊಡ್ಡ ಉಪಕಾರ ಮಾಡಿದವು. ಕಾಗದದ ಮೇಲೆ ಬರೆದಂತೆ ಪರದೆಯ ಮೇಲೆ ಬರೆಯಿರಿ, ಚಿತ್ರವನ್ನು ಎಳೆದು ತಂದು ಇಡಿ, ಚಿಹ್ನೆಗಳ ಚಿಂತೆ ನಮಗೆ ಬಿಡಿ ಎನ್ನುತ್ತಿದ್ದವು. ಅವುಗಳ ಘೋಷವಾಕ್ಯ ಒಂದೇ: ನೀವು ಕಂಡದ್ದೇ ನಿಮಗೆ ದೊರೆಯುತ್ತದೆ. ಆ ಮಾತಿನಲ್ಲಿ 'ನೀವು' ಎಂದರೆ ಪುಟ ಬರೆದವನು ಮಾತ್ರ, ಅದನ್ನು ನೋಡುವವನಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ತಂಗಿಯ ಮಗ ಫೋನಿನಲ್ಲಿ ಪಾಠ ಹೇಳಿದ. ಮೊದಲು ಕಂಪ್ಯೂಟರನ್ನು ಮುಟ್ಟಬೇಡ, ಕಾಗದ ಪೆನ್ಸಿಲು ಹಿಡಿ ಎಂದ. ಮುಖಪುಟ ಒಂದು, ಅದರಿಂದ ಯಾವ ಯಾವ ಪುಟಕ್ಕೆ ದಾರಿ ಎನ್ನುವುದನ್ನು ಮನೆತನದ ವಂಶವೃಕ್ಷ ಬರೆದಂತೆ ಬರೆದುಕೊಳ್ಳಬೇಕು. ಎಲ್ಲಿಗೇ ಹೋಗಲಿ, ಅಲ್ಲಿಂದ ಮುಖಪುಟಕ್ಕೆ ಮರಳುವ ಕೊಂಡಿ ಇರಬೇಕು. ನೆಂಟರ ಮನೆಗೆ ಹೋದವನು ಹಿತ್ತಿಲಲ್ಲಿ ಸಿಕ್ಕಿಕೊಂಡು ದಾರಿ ಹುಡುಕುವಂತೆ ಆಗಬಾರದು. ಸೈಟಿಗೆ ಸಂಬಂಧಿಸಿದ್ದೆಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಇಡಬೇಕು, ಅದರೊಳಗೆ ಚಿತ್ರಗಳಿಗೆ ಒಂದು ಚಿಕ್ಕ ಫೋಲ್ಡರು. ಮುಖಪುಟದ ಕಡತಕ್ಕೆ 'ಇಂಡೆಕ್ಸ್' ಎಂದೇ ಹೆಸರು, ಏಕೆಂದರೆ ಬಾಗಿಲು ತಟ್ಟಿದವರಿಗೆ ಸರ್ವರು ಮೊದಲು ಹುಡುಕಿ ತೋರಿಸುವುದು ಅದನ್ನೇ. ಚಿತ್ರಗಳನ್ನು ಸಣ್ಣದು ಮಾಡಬೇಕು. ಆ ಕಾಲದ ಮೋಡೆಮಿನಲ್ಲಿ ನೂರು ಕಿಲೋಬೈಟಿನ ಒಂದು ಫೋಟೋ ಇಳಿಯಲು ಇಪ್ಪತ್ತು ಸೆಕೆಂಡಾದರೂ ಬೇಕಿತ್ತು, ಅಷ್ಟು ಹೊತ್ತು ಕಾಯುವ ಸೈರಣೆ ಯಾರಿಗೂ ಇರುವುದಿಲ್ಲ. ಕಡತಗಳ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೆರೆಸಬಾರದು. ನನ್ನ ಕಂಪ್ಯೂಟರಿಗೆ ಎರಡೂ ಒಂದೇ, ಆದರೆ ದೂರದ ಸರ್ವರುಗಳಲ್ಲಿ ಹೆಚ್ಚಿನವಕ್ಕೆ ಅವು ಬೇರೆ ಬೇರೆ.

ಇದಿಷ್ಟನ್ನೂ ನಾನು ಶ್ರದ್ಧೆಯಿಂದ ಬರೆದುಕೊಂಡೆ. ಊರಿನ ಪರಿಚಯ, ದೇವಸ್ಥಾನ, ಶಾಲೆ, ಹಬ್ಬಗಳು, ಊರಿನ ಮನೆಗಳು ಎಂದು ಐದು ಪುಟಗಳಾದವು. ನೆಂಟರಿಷ್ಟರ ಟ್ರಂಕುಗಳಿಂದ ಹದಿನಾಲ್ಕು ಹಳೆಯ ಫೋಟೋಗಳನ್ನು ಬೇಡಿ ತಂದು ಸ್ಕ್ಯಾನ್ ಮಾಡಿಸಿದೆ. ಎರಡು ತಿಂಗಳ ರಾತ್ರಿಗಳನ್ನು ಕಳೆದು, ಉಚಿತವಾಗಿ ಜಾಗ ಕೊಡುತ್ತಿದ್ದ ಒಂದು ಕಂಪನಿಯ ಸರ್ವರಿಗೆ ಎಲ್ಲವನ್ನೂ ಏರಿಸಿ, ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ನಮ್ಮ ಮನೆಯ ಜಗಲಿ, ಅಜ್ಜ ಕೂರುತ್ತಿದ್ದ ಮುಂಡಿಗೆ, ಅಂಗಳದ ಅಡಿಕೆ ಚಪ್ಪರ ಎಲ್ಲವೂ ಬಂದಿದ್ದವು. ಹೆಂಡತಿಯನ್ನು ಕರೆದು ತೋರಿಸಿದೆ. ಕಣ್ಣಲ್ಲಿ ನೀರು ಬಂತೆಂದರೆ ಅತಿಶಯೋಕ್ತಿಯಲ್ಲ.

ಮರುದಿನ ಅಮೆರಿಕದಿಂದ ಫೋನು ಬಂತು. 'ಮಾವ, ಪುಟ ತೆರೆಯಿತು. ಆದರೆ ಚಿತ್ರ ಒಂದೂ ಇಲ್ಲ. ಹದಿನಾಲ್ಕು ಖಾಲಿ ಚೌಕ, ಪ್ರತಿಯೊಂದರಲ್ಲೂ ಒಂದು ಕೆಂಪು ಗುಣಾಕಾರ ಚಿಹ್ನೆ.'

'ಹಾಗೆ ಹೇಗಾಗುತ್ತದೆ? ನನ್ನಲ್ಲಿ ಸರಿಯಾಗಿಯೇ ಕಾಣುತ್ತಿದೆಯಲ್ಲ!' ಎಂದೆ.

ಅವನು ಆ ಕಡೆಯಿಂದ ದೊಡ್ಡದಾಗಿ ನಕ್ಕ. ಈ ಉದ್ಯೋಗದಲ್ಲಿ ಇರುವವರೆಲ್ಲ ದಿನಕ್ಕೊಮ್ಮೆ ಆಡುವ ಮಾತು ಇದೇ ಎಂದ. ಆಮೇಲೆ ಕಾರಣ ವಿವರಿಸಿದ. ಚಿತ್ರಗಳನ್ನು ಹೇಳಿದ ಫೋಲ್ಡರಿಗೆ ಹಾಕದೆ ಎಲ್ಲಿದ್ದವೋ ಅಲ್ಲಿಂದಲೇ ನಾನು ಎಳೆದು ತಂದು ಪುಟದಲ್ಲಿ ಇಟ್ಟಿದ್ದೆ. ಪುಟದೊಳಗೆ ಚಿತ್ರ ಇರುವುದಿಲ್ಲ, ಚಿತ್ರದ ವಿಳಾಸವಷ್ಟೇ ಇರುತ್ತದೆ. ಆ ವಿಳಾಸ ನನ್ನದೇ ಕಂಪ್ಯೂಟರಿನ 'ಸಿ' ಡಿಸ್ಕಿನದಾಗಿತ್ತು. ನನ್ನ ಮನೆಯಲ್ಲಿ ಪುಟ ತೆರೆದಾಗ ಯಂತ್ರ ನನ್ನ ಪೆಟ್ಟಿಗೆಯಿಂದಲೇ ಚಿತ್ರವನ್ನು ತೆಗೆದು ತೋರಿಸುತ್ತಿತ್ತು. ಅವನ ಮನೆಯಲ್ಲಿ ತೆರೆದಾಗ ಅದು ಅವನ ಪೆಟ್ಟಿಗೆಯಲ್ಲಿ ನಮ್ಮಜ್ಜನನ್ನು ಹುಡುಕುತ್ತಿತ್ತು. ಸಿಗದೆ ಕೆಂಪು ಗೆರೆ ಎಳೆಯುತ್ತಿತ್ತು. ಪುಟ ಲೋಕಕ್ಕೆಲ್ಲ ತೆರೆದಿದೆಯೆಂದು ನಾನು ತಿಳಿದಿದ್ದೆ. ನಿಜವಾಗಿ ಅದು ಕಾಣುತ್ತಿದ್ದದ್ದು ನನ್ನೊಬ್ಬನಿಗೆ.

ಅದನ್ನು ಸರಿಪಡಿಸಿದ ಮೇಲೆ ಎರಡನೆಯ ತಪ್ಪು ಬೆಳಕಿಗೆ ಬಂತು. ನನ್ನ ಕನ್ನಡ ಬೇರೆಯವರಿಗೆ ಕನ್ನಡವಾಗಿ ಕಾಣುತ್ತಿರಲಿಲ್ಲ. 1998ರಲ್ಲಿ ಬಂದ 'ಬರಹ'ದಂಥ ತಂತ್ರಾಂಶಗಳಿಂದ ಕನ್ನಡವನ್ನು ಟೈಪು ಮಾಡುವುದು ಸುಲಭವಾಗಿತ್ತು, ನಿಜ. ಆದರೆ ಆಗಿನ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಆ ವಿನ್ಯಾಸ ಯಾರ ಯಂತ್ರದಲ್ಲಿ ಇದೆಯೋ ಅವರಿಗೆ ಕನ್ನಡ. ಇಲ್ಲದವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇದನ್ನು ತಿಳಿದ ಕೂಡಲೇ ನಾನು ಜಾಣತನದಿಂದ ಮುಖಪುಟದ ನೆತ್ತಿಯ ಮೇಲೆ, 'ಅಕ್ಷರಗಳು ಕಾಣದಿದ್ದರೆ ಈ ವಿನ್ಯಾಸವನ್ನು ಇಳಿಸಿಕೊಳ್ಳಿ' ಎಂದು ದೊಡ್ಡದಾಗಿ ಸೂಚನೆ ಹಾಕಿದೆ. ಅದನ್ನೂ ಅದೇ ವಿನ್ಯಾಸದಲ್ಲಿ ಬರೆದಿದ್ದೆ. ಕುರುಡನಿಗೆ ಬರೆದು ದಾರಿ ತೋರಿಸಿದ ಹಾಗಾಯಿತು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ತನ್ನದೇ ಆದ ಸಂಕೇತಗಳಿದ್ದವು. ಆದರೆ 2001ರ ವಿಂಡೋಸ್ ಎಕ್ಸ್‌ಪಿ ಬರುವವರೆಗೆ ನಮ್ಮಂಥವರ ಮನೆಯ ಯಂತ್ರಗಳಿಗೆ ಅದು ಎಟುಕಲಿಲ್ಲ. ಎಟುಕಿದ ಮೇಲೆ ಐದು ಪುಟಗಳನ್ನೂ ಮತ್ತೆ ಮೊದಲಿನಿಂದ ಟೈಪು ಮಾಡಿದೆ.

ಈ ಎರಡನ್ನೂ ನಾನು ಗೆಳೆಯರಲ್ಲಿ ತಮಾಷೆಯಾಗಿ ಹೇಳಿಕೊಂಡು ನಗುತ್ತಿದ್ದೆ. ಮೂರನೆಯದನ್ನು ಹೇಳಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

'ಊರಿನ ಮನೆಗಳು' ಎಂಬ ಪುಟದಲ್ಲಿ ನಾನು ನೆನಪಿನಿಂದ ಬರೆದ ಒಂದು ನಕ್ಷೆ ಇತ್ತು. ಅದನ್ನು ಸ್ಕ್ಯಾನ್ ಮಾಡಿ, ಒಂದೊಂದು ಮನೆಯ ಮೇಲೂ ಒಂದೊಂದು ಆಯತ ಎಳೆದು, ಅಲ್ಲಿ ಒತ್ತಿದರೆ ಆ ಮನೆಯ ವಿವರ ತೆರೆಯುವಂತೆ ಕೊಂಡಿ ಕಟ್ಟಿದ್ದೆ. ಸೈಟಿನಲ್ಲಿ ನನಗೆ ಅತ್ಯಂತ ಹೆಮ್ಮೆಯ ಪುಟ ಅದು. ಒಟ್ಟು ಇಪ್ಪತ್ತಮೂರು ಮನೆ. ಲೆಕ್ಕ ತಪ್ಪಬಾರದೆಂದು ಅಪ್ಪ ಕಾಪಾಡಿಟ್ಟಿದ್ದ ಪರಿಹಾರದ ನೋಟೀಸಿನ ಪಟ್ಟಿಯೊಂದಿಗೆ ತಾಳೆ ನೋಡಿದ್ದೆ. ಇತಿಹಾಸದ ಮೇಷ್ಟರಲ್ಲವೇ? ದಾಖಲೆ ಇಲ್ಲದೆ ಒಂದು ಮಾತನ್ನೂ ಬರೆಯಬಾರದೆಂಬ ಶಿಸ್ತು.

2003ರ ಒಂದು ಭಾನುವಾರ ಬೆಳಿಗ್ಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ನಮ್ಮ ಮನೆಗೆ ಬಂದ. ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಯೊಂದರಲ್ಲಿ ಕೆಲಸಕ್ಕಿದ್ದ. ಕೈಯಲ್ಲಿ ನನ್ನ ನಕ್ಷೆಯ ಮುದ್ರಿತ ಪ್ರತಿ. ಕುರ್ಚಿ ತೋರಿಸಿದರೂ ಕೂರದೆ, 'ಸಾರ್, ನಿಮ್ಮ ಸೈಟಿನಲ್ಲಿ ಒಂದು ಕೊಂಡಿ ಕೆಲಸ ಮಾಡುತ್ತಿಲ್ಲ' ಎಂದ.

ಕೊಂಡಿ ಕಡಿದಿದ್ದರೆ ಸರಿಮಾಡೋಣ, ಯಾವುದು ಎಂದು ಕೇಳಿದೆ. ಅವನು ನಕ್ಷೆಯ ಬಲಗಡೆ, ಹಳ್ಳದ ಆಚೆಗೆ, ನಾನು ಬಿಳಿಯಾಗಿಯೇ ಬಿಟ್ಟಿದ್ದ ಜಾಗದ ಮೇಲೆ ಬೆರಳಿಟ್ಟ. 'ಇಲ್ಲಿ ಒತ್ತಿದರೆ ಏನೂ ಬರುವುದಿಲ್ಲ.'

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಹಳ್ಳದ ಆಚೆ ಕೇರಿ ಇತ್ತು. ನಮ್ಮ ಗದ್ದೆ ತೋಟಗಳಲ್ಲಿ ದುಡಿಯುತ್ತಿದ್ದವರ ಕೇರಿ. ಹುಲ್ಲು ಹೊದೆಸಿದ ಹನ್ನೊಂದು ಮನೆಗಳು. ಅವನ ಅಜ್ಜಿ ಅದರಲ್ಲೊಂದರಲ್ಲಿ ಬಾಳಿದವಳು.

ನಾನು ಹೇಳಿದ ಮೊದಲ ಮಾತು, 'ಪಟ್ಟಿಯಲ್ಲಿ ಅವು ಇರಲಿಲ್ಲ' ಎಂಬುದು. ನಿಜವೇ. ಪಟ್ಟಿಯಲ್ಲಿ ಇದ್ದದ್ದು ಪಹಣಿಯಲ್ಲಿ ಹೆಸರಿದ್ದವರ ಮನೆಗಳು. ಕೇರಿಯ ಮನೆಗಳು ನಿಂತಿದ್ದ ನೆಲ ನಮ್ಮಪ್ಪನ ಹೆಸರಿನಲ್ಲಿತ್ತು. ಎರಡನೆಯ ಮಾತು, 'ನಮ್ಮ ಜಗಲಿಯಿಂದ ಆ ಕಡೆ ಕಾಣುತ್ತಿರಲಿಲ್ಲ, ತೋಟ ಅಡ್ಡ ಬರುತ್ತಿತ್ತು' ಎಂಬುದು. ಅದೂ ನಿಜವೇ. ಆದರೆ ಆ ಮಾತನ್ನು ಆಡುತ್ತಿರುವಾಗಲೇ ಅದನ್ನು ಎಲ್ಲಿಯೋ ಕೇಳಿದ್ದೇನಲ್ಲ ಅನ್ನಿಸಿತು. ಅಮೆರಿಕಕ್ಕೆ ಫೋನಿನಲ್ಲಿ ನಾನು ಹೇಳಿದ ಮಾತೇ ಅದು. ನನ್ನಲ್ಲಿ ಸರಿಯಾಗಿಯೇ ಕಾಣುತ್ತಿದೆಯಲ್ಲ!

ಹುಡುಗ ಜಗಳವಾಡಲಿಲ್ಲ. ಮುದ್ರಿತ ಪ್ರತಿಯನ್ನು ಮೇಜಿನ ಮೇಲೆ ಇಟ್ಟು ಹೋದ.

ಅಂದಿನಿಂದ ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನಾನು ಮಾಡಿದ್ದು ಸುಳ್ಳೇ? ನನ್ನ ಸೈಟಿನಲ್ಲಿ ಸುಳ್ಳಾದ ಒಂದು ವಾಕ್ಯವೂ ಇರಲಿಲ್ಲ. ದ್ವೇಷವೇ? ಇಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ನಮ್ಮ ತಾಲ್ಲೂಕಿನಲ್ಲೇ. ವರ್ಷ ವರ್ಷವೂ ತರಗತಿಯಲ್ಲಿ ಅದನ್ನು ಅಭಿಮಾನದಿಂದ ಪಾಠ ಮಾಡಿದವನು ನಾನು. ಹಾಗಾದರೆ ಮರೆವೇ? ಮರೆತಿದ್ದರೆ ಬೆರಳಿಟ್ಟು ತೋರಿಸಿದ ಕೂಡಲೇ ಹನ್ನೊಂದು ಮನೆ ಎಂಬ ಲೆಕ್ಕ ನನ್ನ ಬಾಯಿಗೆ ಹೇಗೆ ಬಂತು? ನನಗೆ ಗೊತ್ತಿತ್ತು, ಕಂಡಿರಲಿಲ್ಲ.

ಯಾವ ನಕ್ಷೆಯೂ ಎಲ್ಲವನ್ನೂ ತೋರಿಸುವುದಿಲ್ಲ, ಏನನ್ನಾದರೂ ಬಿಡಲೇಬೇಕು ಎಂದು ನನ್ನ ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದರು. ಒಪ್ಪತಕ್ಕ ಮಾತೇ. ಆದರೆ ಬಿಡುವುದರಲ್ಲಿ ಎರಡು ಬಗೆ ಉಂಟು ಎಂದು ನನಗೆ ತೋರುತ್ತದೆ. ಸೈಟಿನಲ್ಲಿ ಜಾಗ ಸಾಲದೆಂದು ನಮ್ಮ ಮನೆಯ ಒಂದು ಮದುವೆಯ ಫೋಟೋವನ್ನು ನಾನು ಬಿಟ್ಟೆ. ಬಿಟ್ಟದ್ದು ನನಗೆ ಗೊತ್ತು, ಯಾಕೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಬಲ್ಲೆ, ಉತ್ತರ ತಪ್ಪಿದ್ದರೆ ತಿದ್ದಿಕೊಳ್ಳಬಲ್ಲೆ. ಕೇರಿಯನ್ನು ನಾನು ಹೀಗೆ ಬಿಡಲಿಲ್ಲ. ಬಿಟ್ಟಿದ್ದೇನೆ ಎಂಬುದೇ ನನ್ನ ಪರದೆಯ ಮೇಲೆ ಎಲ್ಲಿಯೂ ಕಾಣುತ್ತಿರಲಿಲ್ಲ. ಖಾಲಿ ಚೌಕವೂ ಇರಲಿಲ್ಲ, ಕೆಂಪು ಗುರುತೂ ಇರಲಿಲ್ಲ. ನಕ್ಷೆ ಪೂರ್ಣವಾಗಿಯೇ ಇತ್ತು. ಮೊದಲನೆಯ ಬಗೆಯ ತಪ್ಪಿಗೆ ನಮ್ಮ ಮನಸ್ಸಾಕ್ಷಿ ಮದ್ದಾದೀತು. ಎರಡನೆಯದಕ್ಕೆ ಆಗುವುದಿಲ್ಲ, ಯಾಕೆಂದರೆ ಆ ಸಾಕ್ಷಿಯೂ ನನ್ನ ಜಗಲಿಯ ಮೇಲೆಯೇ ಕೂತಿರುತ್ತದೆ.

ಒಳ್ಳೆಯ ಮನಸ್ಸಿದ್ದರೆ ಸಾಕು, ಒಳ್ಳೆಯ ಕೆಲಸ ತಾನಾಗಿ ಆಗುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ. ನನಗೂ ಒಳ್ಳೆಯ ಮನಸ್ಸಿತ್ತು. ಅಮೆರಿಕದ ಹುಡುಗನಿಗೆ ಅಜ್ಜನ ಮುಖ ಕಾಣಲೆಂದೇ ಎರಡು ತಿಂಗಳು ನಿದ್ದೆಗೆಟ್ಟಿದ್ದೆ. ಆ ಪ್ರೀತಿಯಿಂದ ಚಿತ್ರ ಅವನಿಗೆ ಕಾಣಲಿಲ್ಲ. ಕಾಣುವುದಿಲ್ಲ ಎಂಬುದೂ ನನಗೆ ತಿಳಿಯಲಿಲ್ಲ. ತಿಳಿದದ್ದು ಅವನು ಫೋನು ಮಾಡಿದ್ದರಿಂದ. 'ಬೇರೆಯವರ ಸ್ಥಾನದಲ್ಲಿ ನಿಂತು ಯೋಚಿಸು' ಎಂದು ಹಿರಿಯರು ಹೇಳುತ್ತಾರೆ. ನಿಂತು ಯೋಚಿಸುವವನು ನಾನೇ ತಾನೇ? ನನ್ನ 'ಸಿ' ಡಿಸ್ಕನ್ನು ಹೊತ್ತುಕೊಂಡೇ ಅಲ್ಲಿಗೂ ಹೋಗುತ್ತೇನೆ. ಬೇರೆಯವರ ಸ್ಥಾನದಲ್ಲಿ ಇರುವವರನ್ನೇ ಹೋಗಿ ಕೇಳುವುದು ಇನ್ನೊಂದು ಕೆಲಸ. ಅದಕ್ಕೆ ಕಲ್ಪನಾಶಕ್ತಿ ಬೇಡ, ಬಸ್ಸಿನ ಟಿಕೆಟ್ಟು ಬೇಕು.

ಹಾಗೆಂದು ಬುದ್ಧಿ ಬಂದು ನಾನು ತಕ್ಷಣ ಬಸ್ ಹತ್ತಿದೆನೆಂದಲ್ಲ. ಮೊದಲು ನಾನು ಮನೆಯಲ್ಲೇ ಕೂತು ತಿದ್ದಲು ಹೊರಟೆ. ಪಟ್ಟಿಯ ಕೆಳಗೆ ಹೊಸ ಗುಂಡಿಯೊಂದನ್ನು ಸೇರಿಸಿ, 'ಇತರ ಮನೆಗಳು' ಎಂದು ಹೆಸರಿಟ್ಟು, ಸೈಬರ್ ಕೆಫೆಗೆ ಹೋಗಿ ಹುಡುಗನಿಗೆ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, 'ಇತರ ಅಂದರೆ ಯಾರಿಗೆ ಇತರ, ಸಾರ್?' ಎಂದು ಕೇಳಿದ.

ಸೈಟು ಕಟ್ಟುವುದರಲ್ಲಿ ಬಣ್ಣ, ಚಿತ್ರ, ಅಕ್ಷರಗಳೆಲ್ಲ ಸುಲಭ. ಕಷ್ಟದ್ದು ಶೀರ್ಷಿಕೆ ಕೊಡುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತುಮಾಡುವುದು. ಅಲ್ಲಿ ನಮ್ಮ ಬಣ್ಣ ಬಯಲಾಗುತ್ತದೆ. ನನ್ನ ಪಟ್ಟಿಯಲ್ಲಿ ಒಂದನೆಯದು ನಮ್ಮ ಮನೆ, ಎರಡನೆಯದು ದಾಯಾದಿಗಳ ಮನೆ, ಮೂರನೆಯದು ಭಟ್ಟರದು. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನಾಗಿ ಹಾಗೆ ಬರೆದಿತ್ತು. ಅಂಥ ಪಟ್ಟಿಯ ತುದಿಗೆ ಹನ್ನೊಂದು ಮನೆಗಳನ್ನು 'ಇತರ' ಎಂದು ಸೇರಿಸುವುದಕ್ಕಿಂತ ಬಿಟ್ಟಿದ್ದರೇ ಮರ್ಯಾದೆಯಾಗಿತ್ತೇನೋ.

ಕೊನೆಗೆ ಅವನ ಜೊತೆಯಲ್ಲಿ ಅವನ ಅಜ್ಜಿಯನ್ನು ನೋಡಲು ಹೋದೆ. ಶಿವಮೊಗ್ಗದಿಂದ ಒಂದೂವರೆ ಗಂಟೆಯ ದಾರಿ. ಮುಳುಗಡೆಯಾದವರು ನೆಲೆ ನಿಂತ ಒಂದು ಸಣ್ಣ ಹಳ್ಳಿ. ಕಾಡು ಕಡಿದು ಗದ್ದೆ ಮಾಡಿಕೊಂಡು ನಾಲ್ಕು ದಶಕವಾದರೂ ಆ ನೆಲಕ್ಕೆ ಅವರ ಕೈಯಲ್ಲಿ ಹಕ್ಕುಪತ್ರವಿರಲಿಲ್ಲ. ಅಜ್ಜಿ ನನ್ನನ್ನು ಗುರುತಿಸಿ, ನಮ್ಮ ತಾಯಿಯನ್ನು ಕೇಳಿ, ತೀರಿಕೊಂಡದ್ದು ತಿಳಿದು ಕಣ್ಣೊರಸಿಕೊಂಡಳು. ನಾನು ಕಾಗದವನ್ನು ಬಿಡಿಸಿದೆ. ಅವಳು ಹೇಳುತ್ತ ಹೋದಂತೆ ಮೊಮ್ಮಗ ಬರೆಯುತ್ತ ಹೋದ.

ಅವಳ ಊರು ಹೊಳೆಯಿಂದ ಶುರುವಾಯಿತು. ಹೊಳೆ, ಹೊಳೆದಂಡೆಯ ಬಟ್ಟೆ ಒಗೆಯುವ ಕಲ್ಲು, ಹಳ್ಳ, ಹಳ್ಳಕ್ಕೆ ಹಾಕಿದ್ದ ಸಂಕ, ತೋಡಿದ ಬಾವಿ, ಆಮೇಲೆ ಹನ್ನೊಂದು ಮನೆ. ಒಂದೊಂದರಲ್ಲೂ ಯಾರು ಯಾರು ಎಂದು ಹೆಸರು ಹಿಡಿದು ಹೇಳಿದಳು. ನಮ್ಮ ಮನೆ ಕಾಗದದ ಅಂಚಿನಲ್ಲಿ ಬಂತು. ಅದಕ್ಕೆ ಕೊಟ್ಟಿಗೆ ಇತ್ತು, ಗೊಬ್ಬರದ ಗುಂಡಿ ಇತ್ತು, ಹಿತ್ತಿಲ ಬಾಗಿಲು ಇತ್ತು, ಬಾಗಿಲ ಬಳಿ ಕಾಯುತ್ತ ಕೂರುವ ಒಂದು ಕಲ್ಲು ಇತ್ತು. ಜಗಲಿ ಇರಲಿಲ್ಲ. 'ಜಗಲಿ ಎಲ್ಲಿ ಬರುತ್ತದೆ ಅಜ್ಜಿ?' ಎಂದು ಹುಡುಗ ಕೇಳಿದ. 'ನಂಗೇನು ಗೊತ್ತು? ನಾವು ಕಂಡಿದ್ದು ಹಿತ್ಲು. ಮುಂಬದಿಗೆ ಯಾರು ಬಿಟ್ಟಿದ್ರು?' ಎಂದಳು. ಯಾವ ಕೊಂಕೂ ಇಲ್ಲದೆ, ಕೇಳಿದ್ದಕ್ಕೆ ಉತ್ತರ ಹೇಳುವಂತೆ.

ಹದಿನೈದು ವರ್ಷ ನಾನು ಹುಟ್ಟಿ ಬೆಳೆದ ಮನೆ ಅದು. ಹಿತ್ತಿಲ ಬಾಗಿಲ ಬಳಿ ಒಂದು ಕಲ್ಲಿತ್ತೆಂಬುದು ನನಗೆ ನೆನಪಿರಲಿಲ್ಲ.

ಅವಳಿಗೆ ಮಾತ್ರ ಗೊತ್ತಿದ್ದ ಇನ್ನೊಂದು ಸಂಗತಿಯೂ ಇತ್ತು. ನಾವು ಪರಿಹಾರದ ಹಣ ಹಿಡಿದು ಸಾಮಾನನ್ನು ಲಾರಿಗೆ ಹೇರಿ ಮೊದಲೇ ಹೊರಟಿದ್ದೆವು. ಹೋಗಲು ಜಾಗ ಗೊತ್ತಾಗದ ಕೇರಿಯವರು ನೀರು ಬರುವವರೆಗೂ ಅಲ್ಲಿಯೇ ಇದ್ದು, ಮೇಲಿನ ಗುಡ್ಡಕ್ಕೆ ಹತ್ತಿ, ಊರು ಮುಳುಗುವುದನ್ನು ನೋಡಿದ್ದರು. ಮೊದಲು ಬಾವಿ, ಆಮೇಲೆ ಕೇರಿ, ಆಮೇಲೆ ಕೆಳಗಿನ ತೋಟ, ಶಾಲೆ, ಭಟ್ಟರ ಮನೆ. ಎತ್ತರದಲ್ಲಿದ್ದ ನಮ್ಮ ಮನೆ ಕೊನೆಗೆ. ಅದರ ಹೆಂಚು ಎರಡು ದಿನ ಕಾಣುತ್ತಿತ್ತಂತೆ. ನಮ್ಮ ಊರಿನ ಕೊನೆಯ ದಿನದ ಇತಿಹಾಸವನ್ನು ಇತಿಹಾಸದ ಮೇಷ್ಟರು ಹಾಗೆ ಕೇಳಿ ಬರೆದುಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗ, 'ಸಾರ್, ಆ ಕ್ರಮದಲ್ಲೇ ಇಟ್ಟರೆ ಹೇಗೆ?' ಎಂದ. ನೀರು ಬಂದ ಕ್ರಮದಲ್ಲಿ. ನಾವು ಹಾಗೆಯೇ ಮಾಡಿದೆವು. 'ಇತರ' ಎಂಬ ಗುಂಡಿ ಹೋಯಿತು. ಮೂವತ್ತನಾಲ್ಕು ಮನೆಗಳು ಒಂದೇ ಪಟ್ಟಿಯಲ್ಲಿ ನಿಂತವು. ಮೊದಲು ಮುಳುಗಿದ್ದು ಮೊದಲು. ನಮ್ಮ ಮನೆ ಮೂವತ್ತನಾಲ್ಕನೆಯದು. ನನ್ನ ನಕ್ಷೆಯ ಜೊತೆಗೆ ಅಜ್ಜಿಯ ನಕ್ಷೆಯನ್ನೂ ಹಾಕಿದೆವು. ಎರಡನ್ನೂ ಹೊಲಿದು ಒಂದು ಮಾಡಲು ಹೋಗಲಿಲ್ಲ. ಕೇರಿಯ ಎರಡು ಮನೆಯವರು ಈಗ ಎಲ್ಲಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಅವರ ಪುಟಗಳಲ್ಲಿ ಒಂದೊಂದು ಖಾಲಿ ಚೌಕವನ್ನು ಬೇಕೆಂದೇ ಬಿಟ್ಟು, 'ಇಲ್ಲಿದ್ದವರನ್ನು ನಾವು ಇನ್ನೂ ಕಂಡಿಲ್ಲ' ಎಂದು ಬರೆದೆವು. ಆ ದಿನಗಳಲ್ಲಿ ಅರ್ಧಂಬರ್ಧ ಸೈಟುಗಳ ಮೇಲೆ ಗುದ್ದಲಿ ಹಿಡಿದ ಕೂಲಿಯವನ ಚಿತ್ರ ಹಾಕಿ 'ಕೆಲಸ ನಡೆಯುತ್ತಿದೆ' ಎಂದು ಬರೆಯುವ ರೂಢಿಯಿತ್ತು. ಅದನ್ನು ಹಾಕುವುದು ಬೇಡ ಎಂದ ಹುಡುಗ. ನಾನು ಯಾಕೆಂದು ಕೇಳಲಿಲ್ಲ.

ಒಪ್ಪದವರೂ ಇದ್ದರು. ದಾಯಾದಿಗಳೊಬ್ಬರು, 'ಮುಳುಗಿದ ಮೇಲೂ ಊರಿನ ಮರ್ಯಾದೆ ತೆಗೆಯುತ್ತೀಯಲ್ಲ' ಎಂದು ಕಾಗದ ಬರೆದು, ತಮ್ಮ ಮನೆಯ ಫೋಟೋಗಳನ್ನು ತೆಗೆಯಲು ಹೇಳಿದರು. ತೆಗೆದೆ. ಅದು ಅವರ ಹಕ್ಕು. ನೋವಾಗಲಿಲ್ಲವೆಂದು ಹೇಳಲಾರೆ.

ಕೆಲವು ವರ್ಷಗಳ ನಂತರ ಉಚಿತವಾಗಿ ಜಾಗ ಕೊಟ್ಟಿದ್ದ ಕಂಪನಿ ಆ ಸೇವೆಯನ್ನೇ ಮುಚ್ಚಿತು. ನಮ್ಮ ಊರು ಎರಡನೆಯ ಸಲ ಮುಳುಗುವುದರಲ್ಲಿತ್ತು. ಈ ಸಲ ಮಾತ್ರ ಎಲ್ಲವೂ ಒಂದೇ ಫೋಲ್ಡರಿನಲ್ಲಿ, ಸರಿಯಾದ ಹೆಸರುಗಳೊಂದಿಗೆ, ಮನೆಯ ವಿಳಾಸವಿಲ್ಲದ ಕೊಂಡಿಗಳೊಂದಿಗೆ ಇದ್ದದ್ದರಿಂದ ಒಂದೇ ಸಂಜೆಯಲ್ಲಿ ಗಂಟು ಕಟ್ಟಿ ಬೇರೆ ಕಡೆ ಇಳಿಸಿದೆವು. ಈಗ ಅದರ ಕೀಲಿಕೈ ಆ ಹುಡುಗನ ಕೈಯಲ್ಲಿದೆ. ಹುಡುಗನೆಂದೆ, ಅವನಿಗೆ ಈಗ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅಜ್ಜಿ ಇಲ್ಲ. ನನಗೆ ಎಪ್ಪತ್ತೇಳು.

ಹೋದ ತಿಂಗಳು ಅವನ ಮಗಳು ಫೋನು ಮಾಡಿದ್ದಳು. ಈಗ ಯಾರೂ ಕಂಪ್ಯೂಟರಿನ ಮುಂದೆ ಕೂತು ನೋಡುವುದಿಲ್ಲ, ಎಲ್ಲರೂ ಮೊಬೈಲಿನಲ್ಲೇ ನೋಡುವುದು. ಅದಕ್ಕೆಂದು ಅವಳ ಅಪ್ಪ ಪುಟಗಳನ್ನು ಹೊಂದಿಸಿದ್ದಾನೆ. ಆದರೆ ಹಳೆಯ ಕಾಲದ ಅಗಲದ ನಿಮ್ಮ ನಕ್ಷೆ ಸಣ್ಣ ಪರದೆಗೆ ಹಿಡಿಯುತ್ತಿಲ್ಲ ಎಂದಳು. ಎಡಗಡೆ ಕಾಣುತ್ತದಂತೆ. ಬಲಗಡೆ, ಹಳ್ಳದಿಂದ ಆಚೆಗೆ, ಪರದೆಯ ಹೊರಗೆ ಉಳಿಯುತ್ತದಂತೆ. ಬೆರಳಿನಿಂದ ಎಳೆದು ನೋಡಬೇಕೆಂದು ತಿಳಿಯದವರಿಗೆ ಕೇರಿ ಕಾಣುವುದೇ ಇಲ್ಲವಂತೆ.

ನನ್ನ ಮೇಜಿನ ಮೇಲೆ ಹಳೆಯ ಕಂಪ್ಯೂಟರು ತೆರೆದೇ ಇತ್ತು. ತಿರುಗಿ ನೋಡಿದೆ. ನಕ್ಷೆ ಪೂರ್ತಿಯಾಗಿ ಇತ್ತು. 'ನನ್ನಲ್ಲಿ ಸರಿಯಾಗಿಯೇ...' ಎಂದು ಬಾಯಿಗೆ ಬಂದ ಮಾತನ್ನು ಅಲ್ಲಿಯೇ ನುಂಗಿಕೊಂಡು, 'ನಿನಗೆ ಎಲ್ಲಿಯವರೆಗೆ ಕಾಣುತ್ತದೆ ಹೇಳಮ್ಮ, ಬರೆದುಕೊಳ್ಳುತ್ತೇನೆ' ಎಂದು ಪೆನ್ಸಿಲು ತೆಗೆದುಕೊಂಡೆ.